ಗೋಡೆಗೆ ಸಿಮೆಂಟ್ ಹೊಡೆಸಬೇಡ

ಬಸವನಗುಡಿ, ಬೆಂಗಳೂರು

ಚಿ. ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ದೊಡ್ಡಮ್ಮನಿಗೆ ಮಾತ್ರ ಮಳೆ ಬಂದರೆ ಮಂಡಿನೋವು ಜಾಸ್ತಿ.

ದೇವನಹಳ್ಳಿ ಕೋಟೆಯೊಳಗಿನ ನಮ್ಮ ಮಣ್ಣಿನ ಗೋಡೆ ಮನೆಗೆ ಪೂರ್ತಿ ಸಿಮೆಂಟ್ ಪ್ಲಾಸ್ಟರ್ ಮಾಡಿಸುತ್ತೇನೆ ಅಂತ ಮೊನ್ನೆ ನೀನು ಫೋನಿನಲ್ಲಿ ಹೇಳಿದೆ. ಆಗ ಜಗಳ ಬೇಡ ಅಂತ ನಾನು ಸುಮ್ನಾದೆ. ಈಗ ಹೇಳುತ್ತೇನೆ, ಬೇಡ ಕಣೋ.

ಈ ತಪ್ಪು ನಾನೇ ಮಾಡಿ ಕೆಟ್ಟವನು. ಇಲ್ಲಿನ ಹಳೇ ಮನೆಯ ಅಡುಗೆಮನೆ ಗೋಡೆಗೆ ಸಿಮೆಂಟ್ ಬಳಿಸಿದ್ದೆ. ಒಂದು ವರ್ಷ ಕನ್ನಡಿ ಹಾಗಿತ್ತು. ಎರಡನೇ ಮಳೆಗಾಲಕ್ಕೆ ಹಪ್ಪಳದ ಹಾಗೆ ಉಬ್ಬಿತು. ಬೆರಳಲ್ಲಿ ತಟ್ಟಿದರೆ ಟೊಳ್ಳು ಸದ್ದು. ಒಂದು ಚಕ್ಕೆ ಕಿತ್ತರೆ ಹಿಂದೆ ಬಿಳೀ ಉಪ್ಪು, ಅದರ ಹಿಂದೆ ಹಸಿ ಮಣ್ಣು. ಕಾರಣ ಸರಳ. ಮಣ್ಣಿನ ಗೋಡೆ ನೆಲದ ತೇವ ಹೀರುತ್ತೆ. ಮೇಲೆ ಸುಣ್ಣ ಇದ್ದರೆ ಆ ತೇವ ಗಾಳಿಗೆ ಆರುತ್ತೆ. ಸಿಮೆಂಟ್ ಬಾಯಿ ಮುಚ್ಚಿಸಿಬಿಡುತ್ತೆ. ತೇವ ಒಳಗೇ ಮೇಲೇರಿ ಮಣ್ಣನ್ನ ಮೆತ್ತಗೆ ಮಾಡುತ್ತೆ.

ನಂಬಿಕೆ ಬರದಿದ್ದರೆ ಸಂಜೆ ಹೋಗಿ ಕೋಟೆ ನೋಡು. 1501ರಲ್ಲಿ ಮಲ್ಲಬೈರೇಗೌಡ ಕಟ್ಟಿಸಿದ್ದು ಮಣ್ಣಿನ ಕೋಟೆ. ಕಲ್ಲಿನದು ಹೈದರಾಲಿ, ಟಿಪ್ಪು ಕಾಲದ್ದು. 1791ರಲ್ಲಿ ಬ್ರಿಟಿಷರ ಕಾರ್ನ್‌ವಾಲಿಸ್ ಅದನ್ನು ಹಿಡಿದ. ಕೊತ್ತಲಗಳ ಮೇಲೆ ಬಂದೂಕಿನ ಕಿಂಡಿಗಳಿವೆಯಲ್ಲ, ಅವು ಇಟ್ಟಿಗೆ ಮತ್ತು ಗಾರೆಯವು. ಅಷ್ಟು ಮಳೆ ತಿಂದೂ ನಿಂತಿವೆ. ನಮ್ಮ ಬೆಂಗಳೂರಿನ ಕೋಟೆಯಲ್ಲಿ ಉಳಿದಿರೋದು ಮಾರ್ಕೆಟ್ ಪಕ್ಕದ ಒಂದು ಬಾಗಿಲಿನ ತುಂಡು. ನಿಮಗೆ ಸುತ್ತು ಗೋಡೆಯೇ ಇದೆ, ಆದರೂ ಬಂದವರೆಲ್ಲ ಟಿಪ್ಪು ಹುಟ್ಟಿದ ಜಾಗದ ಮುಂದೆ ಫೋಟೊ ತೆಗೆದುಕೊಂಡು ಹೊರಟುಬಿಡುತ್ತಾರೆ!

ಮೊದಲು ಚಾವಣಿ ಸರಿಮಾಡಿಸು. ಒಡೆದ ಹೆಂಚು ಬದಲಿಸು, ಸೂರಿನ ನೀರು ಗೋಡೆ ಬುಡಕ್ಕೆ ಬೀಳದ ಹಾಗೆ ನೋಡಿಕೋ. ಅರ್ಧ ರೋಗ ಅಲ್ಲೇ ವಾಸಿ. ಆಮೇಲೆ ಗೋಡೆ. ಉದುರಿದ ಕಡೆ ಮಾತ್ರ ಮಣ್ಣು ಮೆತ್ತಿಸಿ, ಚೆನ್ನಾಗಿ ನೆನೆದ ಸುಣ್ಣ ಹೊಡೆಸು. ಹಿಂದಿನವರು ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕಿ ಅರೆಯುತ್ತಿದ್ದರು. ಈ ಕೆಲಸ ಬಲ್ಲ ವಯಸ್ಸಾದ ಮೇಸ್ತ್ರಿಯನ್ನ ಹುಡುಕು. 'ಮೂರು ದಿನದಲ್ಲಿ ಮುಗಿಸ್ತೀನಿ' ಅನ್ನೋನು ಬೇಡ.

ಇನ್ನೊಂದು. ಈ ಕೋಟೆಯಂಥ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ಅವಕಾಶ ಇಲ್ಲ. ರಿಪೇರಿಗೂ ಅನುಮತಿ ಬೇಕು. ನಮ್ಮ ಮನೆಯಿಂದ ಕೋಟೆ ಗೋಡೆಗೆ ನೂರು ಹೆಜ್ಜೆಯೂ ಇಲ್ಲ, ಅಲ್ವಾ? ಮೊದಲು ಅರ್ಜಿ ಹಾಕು, ಆಮೇಲೆ ಮೇಸ್ತ್ರಿಗೆ ಅಡ್ವಾನ್ಸ್ ಕೊಡು.

ಭಾನುವಾರ ಬರುತ್ತೇನೆ. ಅಲ್ಲಿವರೆಗೆ ಗೋಡೆ ಮುಟ್ಟಬೇಡ. ಚಕ್ಕೋತ ಸಿಕ್ಕರೆ ಎರಡು ತಂದಿಟ್ಟಿರು.

ಇಂತಿ,
ನಿನ್ನ ದೊಡ್ಡಪ್ಪ