ಸಿಳ್ಳೆ ಹೊಡೀತಾನೆ ಅಂತ ಔಷಧಿ ನಿಲ್ಸೋಕಾಗಲ್ಲ ಕಣೇ

ಪುಟ್ಟಿ,

ನಿನ್ನೆ ವಿಡಿಯೋ ಕಾಲ್‌ನಲ್ಲಿ ನಮ್ಮ ಕಾಕಟೀಲ್ ಗಿಣಿ ಗುಂಡ ಜುಟ್ಟು ನಿಮಿರಿಸ್ಕೊಂಡು ಸಿಳ್ಳೆ ಹೊಡೆದಿದ್ದು ನೋಡಿ ನೀನು "ಆರಾಮಾಗಿದಾನಲ್ಲಪ್ಪ, ಇನ್ನೂ ಯಾಕೆ ಸಿರಿಂಜ್ ಹಿಂಸೆ, ನಿಲ್ಸಿಬಿಡು" ಅಂದ್ಬಿಟ್ಟೆ, ಅಷ್ಟರಲ್ಲಿ ನಿಮ್ಮಮ್ಮ ಫೋನ್ ಕಿತ್ಕೊಂಡ್ಳು, ನಾನು ಹೇಳ್ಬೇಕಿದ್ದು ಬಾಯಲ್ಲೇ ಉಳೀತು. ಅದಕ್ಕೆ ಬರೀತಿದೀನಿ. ಉತ್ತರ ಮೊದಲೇ ಹೇಳ್ಬಿಡ್ತೀನಿ, ನಿಲ್ಸಲ್ಲ. ಯಾಕೆ ಅಂತ ಕೇಳು.

ಸಿಳ್ಳೆನ ಲೆಕ್ಕಕ್ಕೇ ತಗೋಬೇಡ ನೀನು. ಗಿಣಿ ಜಾತಿ ಹಕ್ಕಿಗಳೆಲ್ಲ ಕಾಯಿಲೆ ಮುಚ್ಚಿಡೋದ್ರಲ್ಲಿ ಎತ್ತಿದ ಕೈ, ಗುಂಪಲ್ಲಿ ಸೊರಗಿ ಕೂತಿರೋದ್ರ ಮೇಲೇ ಮೊದಲು ಹದ್ದಿನ ಕಣ್ಣು ಬೀಳೋದು, ಹಾಗಾಗಿ ಪಂಜರದಲ್ಲೇ ಕಣ್ಣು ಬಿಟ್ಟ ನಮ್ಮ ಕಾಕಟೀಲ್‌ಗೂ ಆ ಬುದ್ಧಿ ಹುಟ್ಟಿಂದಲೇ ಬಂದಿದೆ. ಕಾಯಿಲೆ ಜೋರಿದ್ದಾಗ ನಾನು ಬಾಗಿಲ ಸಂದಿಂದ ನೋಡ್ತಿದ್ದೆ. ಯಾರೂ ಇಲ್ಲ ಅನ್ಕೊಂಡಾಗ ಮೈಮೇಲಿನ ಪುಕ್ಕ ಎಲ್ಲ ಉಬ್ಬಿಸ್ಕೊಂಡು, ಎರಡೂ ಕಾಲೂರಿ, ಕಣ್ಣು ಅರ್ಧ ಮುಚ್ಚಿ ಕೂತಿರೋನು, ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ ಆಡೋದು. (ಆರಾಮಾಗಿರೋ ಹಕ್ಕಿ ಸಾಮಾನ್ಯವಾಗಿ ಒಂಟಿ ಕಾಲಲ್ಲಿ ನಿದ್ದೆ ಮಾಡುತ್ತೆ, ಎರಡೂ ಕಾಲೂರಿ ಹಗಲೆಲ್ಲ ತೂಕಡಿಸ್ತಿದ್ರೆ ಒಂದ್ಸಲ ಅನುಮಾನ ಪಡಬೇಕು.) ಬಾಗಿಲು ಕಿರ್ ಅಂದ್ರೆ ಸಾಕು, ಪುಕ್ಕ ಒತ್ಕೊಂಡು ಸಣ್ಣಗಾಗಿ ನಿಂತು, ಸೀದಾ ಹೋಗಿ ಬಟ್ಟಲಿಗೆ ಕೊಕ್ಕು ಹಾಕಿ ಕಾಳು ಕಟಕಟ ಅನ್ನಿಸೋನು. ತಿಂತಿದಾನೆ ಅಂತ ನಿಮ್ಮಮ್ಮನಿಗೆ ಖುಷಿ. ಬಟ್ಟಲು ಎತ್ತಿ ಊದಿ ನೋಡಿದ್ರೆ ಹೊಟ್ಟು ಹಾರೋದು, ಕೆಳಗಡೆ ಸುಲಿದ ಕಾಳು ಸುಲಿದ ಹಾಗೇ ಬಿದ್ದಿರೋದು, ಹೊಟ್ಟೆಗೆ ಏನೂ ಹೋಗಿಲ್ಲ. ನಾಟಕ ಕಣೇ, ಪೂರ್ತಿ ನಾಟಕ.

ಇಂಥವನ ಮುಖ ನೋಡಿ ವಾಸಿಯಾಗಿದೆ ಅಂತ ಹೇಗೆ ನಂಬಲಿ ಹೇಳು. ನಾನು ನಂಬೋದು ತೂಕ, ಆಮೇಲೆ ಹಿಕ್ಕೆ, ಇವೆರಡೇ.

ನೀನು ಕೇಕ್ ಮಾಡ್ತೀನಿ ಅಂತ ತರಿಸಿದ್ಯಲ್ಲ ಡಿಜಿಟಲ್ ಸ್ಕೇಲ್, ಅದು ಈಗ ಗುಂಡಂದು, ನಿನಗೆ ಬೇರೆ ತಗೋ. ಬೆಳಿಗ್ಗೆ ಎದ್ದು ಮೊದಲನೇ ಹಿಕ್ಕೆ ಹಾಕಿ ಆದ್ಮೇಲೆ, ಕಾಳು ಕೊಡೋ ಮುಂಚೆ, ದಿನಾ ಅದೇ ಹೊತ್ತಿಗೆ ಹತ್ತಿಸಿ ಕ್ಯಾಲೆಂಡರ್ ಮೇಲೆ ಬರೀತೀನಿ. ಚೆನ್ನಾಗಿದ್ದಾಗ 92 ಗ್ರಾಂ ಇದ್ದೋನು ಡಾಕ್ಟರ್ ಹತ್ರ ಹೋದಾಗ 78, ಅಂದ್ರೆ ನೂರಕ್ಕೆ ಹದಿನೈದು ಭಾಗ ಕರಗಿ ಹೋಗಿತ್ತು, ಹತ್ತು ಭಾಗ ಇಳಿದ್ರೇ ತಡ ಮಾಡದೆ ತೋರಿಸ್ಬೇಕಂತೆ. ಅಷ್ಟು ಇಳಿದಿದ್ದು ಕಣ್ಣಿಗೆ ಕಾಣ್ಸಲ್ಲ ನೋಡು, ಪುಕ್ಕ ಎಲ್ಲ ಮುಚ್ಚಿರುತ್ತೆ. ಡಾಕ್ಟರ್ ನನ್ನ ಬೆರಳು ಹಿಡಿದು ಅವನ ಎದೆ ಮೇಲೆ ಇಟ್ರು, ನಡುವಿನ ಮೂಳೆ ಕತ್ತಿ ಅಂಚಿನ ಹಾಗೆ ಎದ್ದು ಬಂದಿತ್ತು, ಎರಡೂ ಪಕ್ಕ ಮಾಂಸಾನೇ ಇಲ್ಲ. ಈಗ 87ಕ್ಕೆ ಬಂದಿದಾನೆ, ಬೆರಳಿಟ್ರೆ ಮೂಳೆ ಸಿಗುತ್ತೆ ಆದ್ರೆ ಚುಚ್ಚಲ್ಲ. ಮೊನ್ನೆ ಒಂದು ಗ್ರಾಂ ಇಳೀತು ಅಂತ ನಿಮ್ಮಮ್ಮ ಊಟ ಬಿಟ್ಟು ಕೂತಿದ್ಳು, ಒಂದು ಗ್ರಾಂ ಹಿಂದೆ ಮುಂದೆ ಆಗ್ತಾನೇ ಇರುತ್ತೆ, ಇಳೀತಾನೇ ಹೋದ್ರೆ ಮಾತ್ರ ಫೋನ್ ಮಾಡಿ ಅಂದಿದಾರೆ ಡಾಕ್ಟರ್.

ಹಿಕ್ಕೆ ವಿಷಯ ಹೇಳಿದ್ರೆ ನೀನು ಮುಖ ಸಿಂಡರಿಸ್ತೀಯ, ಆದ್ರೂ ಕೇಳು, ಕಾಯಿಲೆ ಸುಳಿವು ಸಿಕ್ಕಿದ್ದೇ ಅಲ್ಲಿ. ಪಂಜರದ ತಳಕ್ಕೆ ಬಿಳೀ ಪೇಪರ್ ಹಾಸ್ತೀನಿ, ಮರದ ಹೊಟ್ಟು ಗಿಟ್ಟು ಹಾಕಿದ್ರೆ ಏನೂ ಗೊತ್ತಾಗಲ್ಲ. ಒಳ್ಳೇ ಹಿಕ್ಕೆಯಲ್ಲಿ ಮೂರು ಭಾಗ ಇರುತ್ತೆ, ಸುರುಳಿ ಸುತ್ತಿದ ಕಡು ಹಸಿರು ಗಟ್ಟಿ ಭಾಗ, ಅದರ ಜೊತೆ ಬಿಳಿ, ಸುತ್ತ ಸ್ವಲ್ಪ ನೀರು. ಗುಂಡಂಗೆ ಆ ಬಿಳಿ ಭಾಗ ಗಿಳಿಹಸಿರಾಗಿತ್ತು. ಲಿವರ್ ಕೆಟ್ಟಾಗ ನಮಗೆ ಹಳದಿ ಬರೋದಲ್ವಾ, ಹಕ್ಕಿಗಳಲ್ಲಿ ಪಿತ್ತದ ಬಣ್ಣ ಹಸಿರಾಗೇ ಉಳಿಯುತ್ತಂತೆ, ಅದೇ ಹೊರಗೆ ಬರುತ್ತೆ. ಡಾಕ್ಟರ್ ಪೇಪರ್ ನೋಡಿದ ಕೂಡಲೇ ಸ್ವಾಬ್ ತಗೊಂಡು ಪಿಸಿಆರ್ ಟೆಸ್ಟಿಗೆ ಕಳಿಸಿದ್ರು. ಕ್ಲಮೈಡಿಯಾ ಸಿಟ್ಟಾಸಿ ಅಂತ ಬಂತು, ಗಿಣಿ ಜ್ವರ ಅಂತಾರಲ್ಲ ಅದು.

ಈಗ ನಿನ್ನ ಪ್ರಶ್ನೆಗೆ ಬರ್ತೀನಿ. ಈ ಬ್ಯಾಕ್ಟೀರಿಯಾ ಹಕ್ಕಿಯ ಜೀವಕೋಶದ ಒಳಗೇ ಹೊಕ್ಕಿ ಬೆಳೆಯೋದು, ನಾವು ಕೊಡ್ತಿರೋ ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯಾಟಿಕ್ ಅದು ಬೆಳೆಯೋದನ್ನ ತಡೆಯುತ್ತೆ ಅಷ್ಟೇ, ಒಂದೇ ಏಟಿಗೆ ಕೊಲ್ಲಲ್ಲ, ಅದಕ್ಕೇ ಗಿಣಿಗಳಿಗೆ 45 ದಿನದ ಕೋರ್ಸ್ ಇಟ್ಟಿರೋದು. ಮೊದಲನೇ ವಾರದಲ್ಲೇ ಹಕ್ಕಿ ಚೇತರಿಸ್ಕೊಂಡ ಹಾಗೆ ಕಾಣುತ್ತೆ, ಬಹಳ ಜನ ಅಲ್ಲೇ ನಿಲ್ಸಿಬಿಡ್ತಾರೆ, ಆಮೇಲೆ ಆ ಬ್ಯಾಕ್ಟೀರಿಯಾ ಒಳಗೆ ಸುಮ್ಮನೆ ಕೂತಿದ್ದು, ಹಕ್ಕಿಗೆ ಯಾವಾಗಲೋ ಗಾಬರಿಯೋ ಚಳಿಯೋ ಜಾಗ ಬದಲಾವಣೆಯೋ ಆದಾಗ ಮತ್ತೆ ಹೊರಗೆ ಬರುತ್ತೆ, ಹಕ್ಕಿ ನೋಡೋಕೆ ಚೆನ್ನಾಗೇ ಇದ್ದು ಹಿಕ್ಕೆಯಲ್ಲಿ ಮಾತ್ರ ರೋಗ ಹರಡ್ತಾ ಇರುತ್ತೆ. ಗುಂಡನ ಸಿಳ್ಳೆ ಈಗ ಆ ಚೇತರಿಸ್ಕೊಂಡ ಹಾಗೆ ಕಾಣೋ ಹಂತದ ಸಿಳ್ಳೆ. ಒಪ್ಪಿಕೋ ಬಿಡು.

ಸಿರಿಂಜ್ ಹಿಂಸೆ ಅಂದ್ಯಲ್ಲ, ಮೊದಮೊದಲು ಹಿಂಸೆನೇ, ಅವನಿಗೂ ನನಗೂ, ಬೆರಳಲ್ಲಿ ಗುರುತು ಇನ್ನೂ ಇದೆ. ಈಗ ಪಳಗಿದೀವಿ. ತೆಳು ಟವಲ್‌ನಲ್ಲಿ ಹಿಂದಿನಿಂದ ಸುತ್ತಿ, ತಲೆಯ ಎರಡು ಪಕ್ಕ ಎರಡು ಬೆರಳಲ್ಲಿ ಹಿಡೀಬೇಕು, ಎದೆ ಮಾತ್ರ ಅಮುಕಬಾರದು. ಹಕ್ಕಿಗೆ ನಮ್ಮ ಥರ ಹೊಟ್ಟೆ ಎದೆ ನಡುವೆ ವಪೆ (ಉಸಿರಾಡೋಕೆ ನೆರವಾಗೋ ಸ್ನಾಯುವಿನ ಪರದೆ) ಇಲ್ಲ, ಎದೆಗೂಡು ಹೊರಗೆ ಒಳಗೆ ಆಡಿದ್ರೇ ಉಸಿರು, ಗಟ್ಟಿಯಾಗಿ ಹಿಡಿದ್ರೆ ಕೈಯಲ್ಲೇ ಉಸಿರು ಕಟ್ಟಿ ಹೋಗ್ಬಿಡುತ್ತೆ. ಅನ್ನನಾಳ ಕುತ್ತಿಗೆಯ ಬಲಕ್ಕಿರೋದ್ರಿಂದ ಸಿರಿಂಜ್‌ನ ಅವನ ಎಡಗಡೆ ಕೊಕ್ಕಿನ ಮೂಲೆಯಿಂದ ಬಲಕ್ಕೆ ತಿರುಗಿಸಿ ಇಟ್ಟು, ಒಂದು ಹನಿ, ಅವನು ನಾಲಿಗೆ ಆಡಿಸಿ ನುಂಗಬೇಕು, ಆಮೇಲೆ ಇನ್ನೊಂದು ಹನಿ. ಆ ದಪ್ಪ ನಾಲಿಗೆ ಹೆಬ್ಬೆರಳು ಮಡಿಸಿ ಬಿಚ್ಚಿದ ಥರ ಮುಂದೆ ಹಿಂದೆ ಆಡೋದು ನೋಡ್ತಾ ಇದ್ರೆ ಟೈಮ್ ಹೋಗಿದ್ದೇ ಗೊತ್ತಾಗಲ್ಲ. ಅರ್ಜೆಂಟ್ ಮಾಡಿ ಒತ್ತಿದ್ರೆ ಶ್ವಾಸಕೋಶಕ್ಕೆ ಹೋಗುತ್ತೆ, ಸೀನಿದ್ರೆ ಮೂಗಲ್ಲಿ ಗುಳ್ಳೆ ಬಂದ್ರೆ ತಕ್ಷಣ ಬಿಟ್ಟುಬಿಡೋದು. ಎಷ್ಟು ಎಂಎಲ್ ಅನ್ನೋದನ್ನ ಡಾಕ್ಟರ್ ಅವನ ತೂಕ ನೋಡಿ ಬರ್ಕೊಟ್ಟಿದಾರೆ, ಅದನ್ನ ಬೇರೆ ಹಕ್ಕಿ ಇಟ್ಕೊಂಡಿರೋ ನಿನ್ನ ಫ್ರೆಂಡ್‌ಗೆಲ್ಲ ಫಾರ್ವರ್ಡ್ ಮಾಡ್ಬೇಡ.

ಕ್ಯಾಲ್ಸಿಯಂಗೆ ಅಂತ ಪಂಜರದಲ್ಲಿ ಕಟ್ಟೋ ಕಟಲ್ ಬೋನ್ ಯಾಕೆ ತೆಗೆದ್ರಿ ಅಂತ ನೀನು ಕೇಳಿದ್ದೆ. ಕ್ಯಾಲ್ಸಿಯಂ ಈ ಔಷಧಿ ಜೊತೆ ಹೊಟ್ಟೆಯಲ್ಲೇ ಅಂಟ್ಕೊಂಡು ಔಷಧಿ ಮೈಗೆ ಹತ್ತೋಕೆ ಬಿಡಲ್ಲ, ಹಾಗಾಗಿ ಅದೂ ಮಿನರಲ್ ಬ್ಲಾಕೂ ಎರಡೂ ಕೋರ್ಸ್ ಮುಗಿಯೋವರೆಗೂ ಕಪಾಟಲ್ಲಿ.

ಬೆಚ್ಚಗೆ ಇಡೋದು ಔಷಧಿಯಷ್ಟೇ ದೊಡ್ಡ ಕೆಲಸ. ಹಕ್ಕಿ ಮೈ ಬಿಸಿ ಸುಮಾರು 41 ಡಿಗ್ರಿ, ಕಾಯಿಲೆ ಹಕ್ಕಿ ತಿನ್ನಲ್ಲ, ತಿನ್ನದೆ ಆ ಬಿಸಿ ಕಾಪಾಡ್ಕೋಬೇಕು ಅಂದ್ರೆ ಮೈಮಾಂಸನೇ ಸುಟ್ಕೋಬೇಕು. ಸಣ್ಣ ಪಂಜರಕ್ಕೆ ಹಾಕಿ ಮೂರು ಕಡೆ ಬಟ್ಟೆ ಮುಚ್ಚಿ, ಒಂದು ಪಕ್ಕ ಮಾತ್ರ ಹೊರಗಡೆಯಿಂದ ಹೀಟರ್ ಇಟ್ಟು, 29-30 ಡಿಗ್ರಿ ಇರೋ ಹಾಗೆ ಥರ್ಮಾಮೀಟರ್ ನೇತಾಕಿದೀನಿ. ಇನ್ನೊಂದು ಪಕ್ಕ ತಂಪಾಗೇ ಇರ್ಬೇಕು, ಅವನಿಗೆ ಬೇಕಾದ ಕಡೆ ಅವನೇ ಜರುಗ್ತಾನೆ. ರೆಕ್ಕೆ ಮೈಯಿಂದ ದೂರ ಹಿಡ್ಕೊಂಡು ಬಾಯಿ ತೆಗೆದು ಉಸಿರಾಡಿದ್ರೆ ಸೆಖೆ ಜಾಸ್ತಿ ಆಯ್ತು ಅಂತ. ಕೋಲು ತಳಕ್ಕೆ ಹತ್ರ ಕಟ್ಟಿದೀನಿ, ತಲೆ ಸುತ್ತಿ ಬಿದ್ರೂ ಪೆಟ್ಟಾಗ್ಬಾರ್ದು. ರಾತ್ರಿ ಸಣ್ಣ ಲೈಟ್ ಇರುತ್ತೆ, ಕಾಕಟೀಲ್‌ಗಳು ಕತ್ತಲಲ್ಲಿ ಬೆಚ್ಚಿಬಿದ್ದು ಪಂಜರಕ್ಕೆ ಬಡ್ಕೊಳ್ಳೋದು ನಿನಗೂ ಗೊತ್ತಲ್ಲ. ಹೀಟರ್ ತಗೊಳ್ಳೋವಾಗ ಅಂಗಡಿಯವನು ಯಾವುದೋ ಬಲ್ಬ್ ಕೊಡೋಕೆ ಬಂದ, ನಾನು ಬೇಡ ಅಂದೆ, ಕೆಲವು ಹೀಟ್ ಬಲ್ಬ್ ಗಾಜಿನ ಮೇಲೂ ನಾನ್‌ಸ್ಟಿಕ್ ತವಾದ್ದೇ ಕೋಟಿಂಗ್ ಇರುತ್ತೆ, ಅದು ಮಿತಿಮೀರಿ ಕಾದಾಗ ಬರೋ ಹೊಗೆ ನಮಗೆ ಗೊತ್ತೂ ಆಗಲ್ಲ, ಹಕ್ಕಿ ಮಾತ್ರ ನಿಮಿಷಗಳಲ್ಲಿ ಹೋಗ್ಬಿಡುತ್ತೆ. ನಿಮ್ಮಮ್ಮ ನಾನ್‌ಸ್ಟಿಕ್ ಎಲ್ಲಾ ಅಟ್ಟಕ್ಕೆ ಹಾಕಿದಾಳೆ, ತಳ ಹಿಡಿದ್ರೆ ಬೈಗುಳ ನನಗೆ.

ಊಟ ಮಾತ್ರ ಸದ್ಯಕ್ಕೆ ಅವನಿಷ್ಟ. ನವಣೆ ತೆನೆ ಕಟ್ಟಿದ್ರೆ ತಲೆಕೆಳಗಾಗಿ ನೇತಾಡ್ಕೊಂಡಾದ್ರೂ ತಿಂತಾನೆ. ಬರೀ ಕಾಳಲ್ಲಿ ವಿಟಮಿನ್ ಎ ಸಾಲಲ್ಲ, ಹಕ್ಕಿಗಂತಲೇ ಮಾಡಿದ ಗುಳಿಗೆಯಂಥ ಪೆಲೆಟ್‌ಗೆ ಬದಲಾಯಿಸ್ಬೇಕು ಅಂತ ಡಾಕ್ಟರೂ ಹೇಳಿದಾರೆ, ಆದ್ರೆ ಕಾಯಿಲೆ ಹಕ್ಕಿಗೆ ಊಟ ಬದಲಾಯಿಸೋಕೆ ಹೋದ್ರೆ ಉಪವಾಸ ಬೀಳುತ್ತೆ, ಅದು ತೂಕ ನಿಂತ ಮೇಲಿನ ಕೆಲಸ.

ನಮ್ಮ ಬಗ್ಗೆ ನೀನು ಕೇಳಲೇ ಇಲ್ಲ ನೋಡು! ಈ ಕಾಯಿಲೆ ಮನುಷ್ಯರಿಗೂ ಬರುತ್ತೆ, ಒಣಗಿದ ಹಿಕ್ಕೆ ಪುಡಿ ಗಾಳಿಯಲ್ಲಿ ಉಸಿರಿಗೆ ಹೋದ್ರೆ. 1929-30ರಲ್ಲಿ ದಕ್ಷಿಣ ಅಮೆರಿಕದಿಂದ ಹಡಗಲ್ಲಿ ಸಾಗಿಸಿದ ಗಿಣಿಗಳಿಂದ ಎಷ್ಟೋ ದೇಶಗಳಲ್ಲಿ ಜನಕ್ಕೆ ಹರಡಿ ದೊಡ್ಡ ಗಲಾಟೆನೇ ಆಗಿತ್ತು, ಆಗ ಆಂಟಿಬಯಾಟಿಕ್ ಅನ್ನೋದೂ ಇರ್ಲಿಲ್ಲ, ಈಗ ಔಷಧಿ ಇದೆ, ಹೆದರ್ಬೇಡ. ಪೇಪರ್ ತೆಗೆಯೋ ಮುಂಚೆ ನೀರು ಚಿಮುಕಿಸಿ ಒದ್ದೆ ಮಾಡ್ತೀನಿ, ಒಣಗಿದ್ದನ್ನ ಪೊರಕೆಯಲ್ಲಿ ಗುಡಿಸೋದೇ ಇಲ್ಲ, ಮಾಸ್ಕ್ ಗ್ಲೌಸ್ ಹಾಕೋದು, ಆಮೇಲೆ ಸೋಪ್ ಹಾಕಿ ಕೈ ತೊಳೆಯೋದು. ನಿಮ್ಮಮ್ಮನಿಗೆ ನಡುವೆ ಎರಡು ದಿನ ತಲೆನೋವು ಒಣ ಕೆಮ್ಮು ಬಂದಾಗ ನಮ್ಮ ಡಾಕ್ಟರ್ ಹತ್ರ ಹೋಗಿ ಮೊದಲು ಹೇಳಿದ್ದೇ ಮನೇಲಿ ಗಿಣಿಗೆ ಹೀಗಾಗಿದೆ ಅಂತ, ಅದು ಹೇಳದೇ ಇದ್ರೆ ಅವರಿಗೆ ಆ ಯೋಚನೆನೇ ಬರಲ್ಲ. ಸಾದಾ ನೆಗಡಿ ಅಂತ ಆಯ್ತು. ನೀನು ರಜೆಗೆ ಬಂದು ಹೋಗಿದ್ದೆಯಲ್ಲ, ಜ್ವರ, ಜೋರು ತಲೆನೋವು, ಒಣ ಕೆಮ್ಮು ಏನಾದ್ರೂ ಶುರುವಾದ್ರೆ ನೀನೂ ಅಲ್ಲಿನ ಡಾಕ್ಟರ್‌ಗೆ ಗಿಣಿ ವಿಷಯ ಹೇಳು, ಮರೀಬೇಡ.

ನಿಮ್ಮಮ್ಮ ಪಾಪ ಅವನ ಹತ್ರ ಕೂತು ಮಾತಾಡ್ತಾನೇ ಇರ್ತಾಳೆ, ಅವನು ಅವಳ ಕನ್ನಡಕ ಎಳೆಯೋದು ಮತ್ತೆ ಶುರು ಮಾಡಿದಾನೆ. ಅದನ್ನೂ ನಾನು ಕ್ಯಾಲೆಂಡರ್ ಮೇಲೆ ಬರ್ದಿದೀನಿ, ನಗಬೇಡ, ಡಾಕ್ಟರ್ ಓದಿ ತಲೆ ಆಡಿಸಿದ್ರು.

ಇನ್ನು ಅವನಿಗೊಂದು ಜೋಡಿ ತರೋಣ, ಒಂಟಿಯಾಗಿದ್ದೇ ಕಾಯಿಲೆಗೆ ಕಾರಣ ಅಂದ್ಯಲ್ಲ, ಅದಲ್ಲ ಕಾರಣ, ಈಗಂತೂ ಬೇಡವೇ ಬೇಡ. ಇವನ ಕೋರ್ಸ್ ಮುಗಿದು, ಆಮೇಲೆ ಡಾಕ್ಟರ್ ಹೇಳಿದಾಗ ಮತ್ತೆ ಟೆಸ್ಟ್ ಮಾಡಿ ನೆಗೆಟಿವ್ ಬಂದ ಮೇಲೆ ಯೋಚನೆ ಮಾಡೋಣ. ಆಗಲೂ ಹೊಸದನ್ನ ತಂದು ಸೀದಾ ಪಕ್ಕಕ್ಕೆ ಇಡೋಕಾಗಲ್ಲ, ಕನಿಷ್ಠ ಒಂದು ತಿಂಗಳು ಬೇರೆ ರೂಮು, ಬೇರೆ ಬಟ್ಟಲು, ಅದಕ್ಕೂ ಟೆಸ್ಟು. ಬೇರೆ ರೂಮು ಅಂದ್ರೆ ನಮ್ಮನೇಲಿ ಇರೋದು ನಿನ್ನ ರೂಮೇ. ರಜೆಗೆ ಬಂದಾಗ ಹಾಲಲ್ಲಿ ಮಲಗೋಕೆ ರೆಡಿ ಇದ್ರೆ ಹೇಳು.

ಅಪ್ಪ