ಅಂಗಳ ಕುಗ್ಗಿಸಿದರೆ ಅಭಿಮಾನಿಯ ವಯಸ್ಸು ಇಳಿಯುವುದೇ?

ಮಾನ್ಯ ಸಂಪಾದಕರೇ,

2026ರ ಕಾಲ್ಚೆಂಡಿನ ವಿಶ್ವಕಪ್ ನೆಪದಲ್ಲಿ ಟೊರಾಂಟೊದ ಬಿಎಂಒ ಫೀಲ್ಡ್, ವ್ಯಾಂಕೂವರಿನ ಬಿಸಿ ಪ್ಲೇಸ್ ಕ್ರೀಡಾಂಗಣಗಳ ಹೆಸರು ನಮ್ಮ ಪತ್ರಿಕೆಗಳ ಕ್ರೀಡಾಪುಟಕ್ಕೂ ಬಂದಿದೆ. ಈ ಎರಡೂ ಅಂಗಳಗಳಲ್ಲಿ ಇನ್ನೊಂದು ಫುಟ್‌ಬಾಲಿನ ಒಕ್ಕಲೂ ಇದೆ ಎಂಬುದು ಮಾತ್ರ ಎಲ್ಲೂ ಅಚ್ಚಾದಂತಿಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಆ ಆಟಕ್ಕೆ ಕೆನಡಾದಲ್ಲಿ ಒಂಬತ್ತು ವೃತ್ತಿಪರ ತಂಡಗಳಿವೆ, 1909ರಿಂದ ನಡೆದುಬಂದ ಗ್ರೇ ಕಪ್ ಇದೆ, 1958ರಲ್ಲಿ ಕಟ್ಟಿದ ಲೀಗ್ (ಸಿಎಫ್‌ಎಲ್) ಇದೆ. ಅಭಿಮಾನಿಗಳೂ ಇದ್ದಾರೆ, ಆದರೆ ಗ್ಯಾಲರಿಯಲ್ಲಿ ನರೆತ ತಲೆಗಳೇ ಹೆಚ್ಚು. ಇದಕ್ಕೆ ಅಂಗಳ ಕುಗ್ಗಿಸುವುದೆಂದು ಲೀಗ್ ಈಗ ಕೈಗೆತ್ತಿಕೊಂಡಿರುವ ಮದ್ದು ರೋಗಕ್ಕೆ ತಕ್ಕುದಲ್ಲ ಎಂದು ಹೇಳಲು ಈ ಪತ್ರ.

ಮೊದಲು ಆಟ. ಹತ್ತು ಗಜ ಮುಂದೆ ಹೋಗಲು ಅಮೆರಿಕದಲ್ಲಿ ನಾಲ್ಕು ಅವಕಾಶ (ಇದಕ್ಕೆ 'ಡೌನ್' ಎನ್ನುತ್ತಾರೆ), ಕೆನಡಾದಲ್ಲಿ ಮೂರೇ. ಪ್ರೊ ಕಬಡ್ಡಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರಡು ರೈಡ್ ಖಾಲಿ ಹೋದರೆ ಮೂರನೆಯದು 'ಡು ಆರ್ ಡೈ' ಆಗುತ್ತದಲ್ಲ, ಬಿಗಿ ಅದೇ. ವ್ಯತ್ಯಾಸವೆಂದರೆ, ಇಲ್ಲಿ ಮೂರನೆಯ ಸಲ ಇನ್ನೂ ಐದಾರು ಗಜ ಬಾಕಿ ಇದ್ದರೆ ತಂಡ ಸಾಮಾನ್ಯವಾಗಿ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡುತ್ತದೆ. ಹಾಗಾಗಿ ಮೊದಲ ಅವಕಾಶದಲ್ಲೇ ಓಡಲು ಹೋಗಿ ಮೂರು ಗಜ ಗಳಿಸಿದರೆ ಅದು ಅರ್ಧ ಸೋಲು, ಚೆಂಡನ್ನು ಎಸೆಯಲೇಬೇಕು. ಒಂದೇ ಗಜ ಬಾಕಿ ಇದ್ದಾಗ ಮಾತ್ರ ಕತೆ ಬೇರೆ. ರಕ್ಷಣಾ ಸಾಲು ಚೆಂಡಿನಿಂದ ಒಂದು ಗಜ ಹಿಂದೆ ನಿಲ್ಲಬೇಕೆಂಬ ನಿಯಮವಿರುವುದರಿಂದ ಬಲವಾಗಿ ನುಗ್ಗಿದರೆ ಆ ಗಜ ಬಹುಮಟ್ಟಿಗೆ ಸಿಕ್ಕೇ ಸಿಗುತ್ತದೆ. ಇನ್ನು ನೆಲದ ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರುವಾಗುವ ಮೊದಲೇ ಕ್ಯಾಚ್ ಹಿಡಿಯುವವರು ಚೆಂಡಿರುವ ಗೆರೆಯ ಕಡೆಗೆ ಓಡುತ್ತ ಬರಬಹುದು. ಅಮೆರಿಕದ ನಿಯಮದಲ್ಲಿ ಇದಕ್ಕೆ ದಂಡ. ಕೆನಡಾದಲ್ಲಿ ಆಟದ ಸೊಗಸೇ ಇದು. ಓಟದಲ್ಲಿರುವವನ ಎದುರು ನಿಂತಲ್ಲೇ ನಿಂತ ರಕ್ಷಕ ಮೊದಲ ಮೂರು ಹೆಜ್ಜೆಯಲ್ಲೇ ಸೋತಿರುತ್ತಾನೆ.

ಇದಕ್ಕೆಲ್ಲ ಜಾಗ ಬೇಕು. ಅಂಗಳ 110 ಗಜ ಉದ್ದ, 65 ಗಜ ಅಗಲ. ಎರಡು ತುದಿಗೂ ಗೋಲುಗೆರೆಯ ಆಚೆ 20 ಗಜದ ಎಂಡ್ ಜೋನ್ ಎಂಬ ಪಟ್ಟಿ. ಒಟ್ಟು 150 ಗಜ, ಅಂದರೆ 137 ಮೀಟರ್. ಅಮೆರಿಕದ್ದು ಎಂಡ್ ಜೋನ್ ಸೇರಿ 120 ಗಜ, ಅಗಲ 53 ಚಿಲ್ಲರೆ. ತಂಡಕ್ಕೆ ಅಲ್ಲಿ 11 ಜನ, ಇಲ್ಲಿ 12.

2025ರ ಸೆಪ್ಟೆಂಬರ್ 22ರಂದು ಲೀಗ್‌ನ ಕಮಿಷನರ್ ಸ್ಟೂವರ್ಟ್ ಜಾನ್‌ಸ್ಟನ್ ಈ ಅಳತೆಗಳಿಗೇ ಕೈ ಹಾಕಿದರು. ಬದಲಾವಣೆ ಎರಡು ಕಂತಿನದು. 2026ರಿಂದ ಒಂದು ಅವಕಾಶ ಮುಗಿದು ಇನ್ನೊಂದು ಶುರುವಾಗಲು 35 ಸೆಕೆಂಡಿನ ಗಡಿಯಾರ ತಾನಾಗಿ ಓಡುತ್ತದೆ. ಮೊದಲು 20 ಸೆಕೆಂಡ್ ಇತ್ತು, ಆದರೆ ಅದು ಶುರುವಾಗುತ್ತಿದ್ದುದು ರೆಫರಿ ಸೀಟಿ ಊದಿದ ಮೇಲೆ. ಒಬ್ಬ ರೆಫರಿ ಬೇಗ ಊದಿದರೆ ಇನ್ನೊಬ್ಬರು ತಡ. ಆಟದ ಲಯ ಅವರ ಉಸಿರಿನ ಮೇಲೆ ನಿಂತಿತ್ತು. ಇದನ್ನು ಸರಿಪಡಿಸಿದ್ದು ಒಳ್ಳೆಯ ಕೆಲಸ.

ಒಂದು ಅಂಕದ 'ರೂಜ್' ಕೂಡ ಬದಲಾಗಿದೆ. ಒದ್ದ ಚೆಂಡು ಎಂಡ್ ಜೋನಿಗೆ ಹೋಗಿ, ಎದುರಾಳಿ ಅದನ್ನು ಹೊರಗೆ ತರಲಾಗದಿದ್ದರೆ ಒದ್ದವರಿಗೆ ಒಂದು ಅಂಕ. ಸಮ ಅಂಕ, ಕೊನೆಯ ಕೆಲವು ಸೆಕೆಂಡು ಎಂದುಕೊಳ್ಳಿ. ಕಂಬಗಳ ನಡುವೆ ಹೋಗಬೇಕಾದ ಒದೆತ ಪಕ್ಕಕ್ಕೆ ಸರಿಯುತ್ತದೆ. ಎಂಡ್ ಜೋನಿನ ಆಳದಲ್ಲಿ ಕಾದು ನಿಂತವನು ಚೆಂಡು ಹಿಡಿದು, ಓಡಲು ದಾರಿ ಕಾಣದೆ, ತಾನೇ ಅದನ್ನು ತಿರುಗಿ ಹೊರಕ್ಕೆ ಒದೆಯುತ್ತಾನೆ. ಅದು ಮತ್ತೆ ಮೊದಲಿನವರ ಕೈಗೆ ಸಿಕ್ಕರೆ ಅವರೂ ಪುನಃ ಒದೆಯಬಹುದು. ಗಡಿಯಾರದಲ್ಲಿ ಸೊನ್ನೆ, ಅಂಗಳದಲ್ಲಿ 24 ಜನ ಗಾಳಿಯಲ್ಲಿರುವ ಚೆಂಡಿನತ್ತ ಮುಖ ಮಾಡಿ ದಿಕ್ಕಾಪಾಲು. ಇಂಥ ದೃಶ್ಯ ಬೇರೆ ಯಾವ ಆಟದಲ್ಲೂ ಸಿಗಲಾರದು. ಗುರಿ ತಪ್ಪಿದ ಚೆಂಡು ಯಾರ ಕೈಗೂ ಸಿಗದೆ ಅಂಗಳ ದಾಟಿ ಹೋದರೂ ಅಂಕ ಕೊಡುತ್ತಿದ್ದುದನ್ನು ಈಗ ತೆಗೆದಿದ್ದಾರೆ. ಎಡವಿದವನಿಗೆ ಬಹುಮಾನ ಬೇಡ, ಸರಿ. ರೂಜ್‌ನ ಜೀವ ಉಳಿದಿದೆ.

ತಕರಾರು ಇರುವುದು 2027ರ ಕಂತಿನ ಬಗ್ಗೆ. ಅಂಗಳ 100 ಗಜಕ್ಕೆ, ಎಂಡ್ ಜೋನ್ 15ಕ್ಕೆ ಇಳಿಯುತ್ತವೆ. ಗೋಲುಕಂಬ ಗೋಲುಗೆರೆಯಿಂದ ಎಂಡ್ ಜೋನಿನ ಹಿಂಬದಿಗೆ ಸರಿಯುತ್ತದೆ. ಕಂಬದ ಲೆಕ್ಕ ಅರ್ಥವಾಗುವಂಥದ್ದೇ. ಈಗ 20 ಗಜದ ಗೆರೆಯಲ್ಲಿ ನಿಂತ ತಂಡ ಏಳು ಗಜ ಹಿಂದಿನಿಂದ ಒದೆದರೆ ಅದು 27 ಗಜದ ಒದೆತ, ಬಹುತೇಕ ಕಣ್ಣುಮುಚ್ಚಿ ಮೂರು ಅಂಕ. ಕಂಬ ಹಿಂದೆ ಹೋದರೆ ಅದೇ ಜಾಗದಿಂದ 42 ಗಜ. ಮೂರಕ್ಕೆ ತೃಪ್ತಿಪಡದೆ, ಚೆಂಡನ್ನು ಎಂಡ್ ಜೋನಿಗೆ ಒಯ್ದು ಗಳಿಸುವ ಟಚ್‌ಡೌನಿನ ಆರು ಅಂಕಕ್ಕೆ ತಂಡಗಳು ಕೈಚಾಚುತ್ತವೆ ಎಂಬುದು ಲೀಗ್‌ನ ನಿರೀಕ್ಷೆ. ಎಂಡ್ ಜೋನಿನ ಕತ್ತರಿಗೂ ಕಾರಣವಿದೆ. ಬಿಎಂಒ ಫೀಲ್ಡ್ ಕಾಲ್ಚೆಂಡಿಗೆ ಕಟ್ಟಿದ್ದು. ಅಲ್ಲಿ 20 ಗಜ ಹಿಡಿಸದೆ 18ಕ್ಕೆ ಇಳಿಸಿ, ಆ ಪಟ್ಟಿಗೆ ಕೃತಕ ಹುಲ್ಲು ಹಾಸಿದ್ದರು. 130 ಗಜದ ಅಂಗಳ ಎಲ್ಲ ಕಡೆಗೂ ಸಲೀಸಾಗಿ ಕೂರುತ್ತದೆ. ಆದರೆ ಇದು ಜಾಗದ ಲೆಕ್ಕ, ಅಭಿಮಾನಿಯ ವಯಸ್ಸಿನ ಲೆಕ್ಕವಲ್ಲ. ನಡುಗೆರೆ 55ರ ಬದಲು 50 ಆದದ್ದಕ್ಕೆ ಇಪ್ಪತ್ತರ ಹುಡುಗನೊಬ್ಬ ಟಿಕೆಟ್ ಕೊಳ್ಳುತ್ತಾನೆಯೇ? ವ್ಯಾಂಕೂವರಿನ ಬಿಸಿ ಲಯನ್ಸ್ ತಂಡದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ನೇಥನ್ ರೋರ್ಕ್ ಬಹಿರಂಗವಾಗಿಯೇ ವಿರೋಧಿಸಿದರು, ಅವರು ಹಳಬರೇನಲ್ಲ.

ಅಮೆರಿಕದ ಕಡೆ ವಾಲಿ ಕೈಸುಟ್ಟುಕೊಂಡದ್ದು ಲೀಗ್‌ಗೆ ಮರೆತಿರಲಾರದು. 1993ರಿಂದ 95ರವರೆಗೆ ಸ್ಯಾಕ್ರಮೆಂಟೊ, ಲಾಸ್ ವೇಗಸ್, ಶ್ರೀವ್‌ಪೋರ್ಟ್, ಬಾಲ್ಟಿಮೋರ್, ಮೆಂಫಿಸ್ ಎಂದು ಗಡಿ ದಾಟಿ ತಂಡ ಕಟ್ಟಿತು. ಮೆಂಫಿಸ್‌ನಲ್ಲಿ ಎಂಡ್ ಜೋನಿಗೆ ಜಾಗವೇ ಸಾಲಲಿಲ್ಲ. 1995ರಲ್ಲಿ ಬಾಲ್ಟಿಮೋರ್ ಗ್ರೇ ಕಪ್ ಗೆದ್ದೂಬಿಟ್ಟಿತು, ಮರುವರ್ಷ ಅಮೆರಿಕದಲ್ಲಿ ಒಂದು ತಂಡವೂ ಉಳಿಯಲಿಲ್ಲ.

ಹಾಗಾದರೆ ಹುಡುಗರು ಕೈತಪ್ಪಿದ್ದು ಎಲ್ಲಿ? ದೊಡ್ಡ ಕಾರಣ ಟಿ.ವಿ. ಸಾರ್ವಜನಿಕ ವಾಹಿನಿ ಸಿಬಿಸಿಯಲ್ಲಿ ದಶಕಗಳ ಕಾಲ ಗ್ರೇ ಕಪ್ ಎಲ್ಲರ ಮನೆಗೂ ಬರುತ್ತಿತ್ತು. 2008ರಿಂದ ಪಂದ್ಯಗಳೆಲ್ಲ ಟಿಎಸ್‌ಎನ್ ಎಂಬ ಪಾವತಿ ಕೇಬಲ್ ವಾಹಿನಿಯ ಪಾಲಾದವು. ಆ ಹಣದಿಂದಲೇ ಲೀಗ್ ಉಸಿರಾಡಿದ್ದು, ಸುಳ್ಳಲ್ಲ. ಆದರೆ ಅದೇ ಹೊತ್ತಿಗೆ ಕಿರಿಯ ಸಂಸಾರಗಳು ಕೇಬಲ್ ಕಿತ್ತುಹಾಕಲು ಶುರುಮಾಡಿದವು. ಕೇಬಲ್ ಉಳಿಸಿಕೊಂಡವರು ಅಜ್ಜ-ಅಜ್ಜಿಯರು. 2008ರಲ್ಲಿ ಎಂಟು ವರ್ಷದ ಮಗುವಿಗೆ 2026ರಲ್ಲಿ 26; ಆಟದ ರುಚಿ ಹತ್ತಬೇಕಾದ ವಯಸ್ಸೆಲ್ಲ ಆಟ ಕಣ್ಣಿಗೆ ಬೀಳದೆ ಕಳೆದುಹೋಯಿತು. 2024ರಿಂದ ಸಿಟಿವಿಯಲ್ಲಿ ಕೆಲವು ಶನಿವಾರದ ಪಂದ್ಯಗಳು ಪುಕ್ಕಟೆ ಬರುತ್ತಿವೆ. ತಡವಾದರೂ ಸರಿಯಾದ ಮದ್ದು ಇದೇ, ಡೋಸ್ ಮಾತ್ರ ಸಾಲದು. ಮ್ಯಾಟಿನ ಮೇಲೆ ಬಂದ ಕಬಡ್ಡಿಯನ್ನು ಹುಡುಗರು ಹಚ್ಚಿಕೊಂಡದ್ದು ಅಂಕಣದ ಅಳತೆ ನೋಡಿ ಅಲ್ಲ. ದಿನಾ ರಾತ್ರಿ ಊಟದ ಹೊತ್ತಿಗೆ, ಕನ್ನಡ ಕಾಮೆಂಟರಿಯೊಂದಿಗೆ ಕಣ್ಣೆದುರು ಬಂದಿತ್ತು ಎಂಬುದನ್ನು ಓದುಗರು ಬಲ್ಲರು.

ಎರಡನೆಯದು ಆಟಗಾರರ ವಲಸೆ. ಒಂದು ತಂಡದ ಇಡೀ ವರ್ಷದ ಸಂಬಳದ ಮಿತಿ ಸುಮಾರು 60 ಲಕ್ಷ ಕೆನಡಾ ಡಾಲರ್. ಅಮೆರಿಕದ ಎನ್‌ಎಫ್‌ಎಲ್‌ನಲ್ಲಿ ಹೊಸಬನೊಬ್ಬನ ಕನಿಷ್ಠ ಸಂಬಳವೇ 8 ಲಕ್ಷ ಅಮೆರಿಕನ್ ಡಾಲರ್ ದಾಟಿದೆ. ಮಿಂಚಿದವನು ಚಳಿಗಾಲದಲ್ಲಿ ಗಡಿ ದಾಟುತ್ತಾನೆ. ಉಳಿದವರಲ್ಲಿ ಬಹಳಷ್ಟು ಮಂದಿಯ ಒಪ್ಪಂದ ಒಂದೇ ವರ್ಷದ್ದು. ಫೆಬ್ರುವರಿಯಲ್ಲಿ ತಂಡ ಬದಲು. ಜುಲೈಯಲ್ಲಿ ಮಗುವಿಗೆ ಕೊಡಿಸಿದ ಜೆರ್ಸಿಯ ಬೆನ್ನಿನ ಹೆಸರು ಮುಂದಿನ ಜೂನಿಗೆ ಎದುರಾಳಿ ತಂಡದಲ್ಲಿರುತ್ತದೆ. ಕೆನಡಿಯನ್ ಆಟಗಾರರಿಗಾದರೂ ಎರಡು-ಮೂರು ವರ್ಷದ ಒಪ್ಪಂದ ಸಿಗುವಂತೆ ಮಿತಿಯಲ್ಲಿ ರಿಯಾಯಿತಿ ಕೊಟ್ಟರೆ ಅಂಗಳ ಅಗೆಯುವುದಕ್ಕಿಂತ ಅಗ್ಗವಾದೀತು.

ಕ್ರೀಡಾಂಗಣದ ಪಾಠವನ್ನು ಮಾಂಟ್ರಿಯಲ್ ಆಕಸ್ಮಿಕವಾಗಿ ಕಲಿಯಿತು. ಅಲ್ಲಿನ ಅಲುವೆಟ್ಸ್ ತಂಡ ಭಾರೀ ಒಲಿಂಪಿಕ್ ಸ್ಟೇಡಿಯಮ್ಮಿನಲ್ಲಿ ಬೆರಳೆಣಿಕೆಯ ಜನರೆದುರು ಆಡುತ್ತಿತ್ತು. 1997ರ ನವೆಂಬರಿನಲ್ಲಿ ಪ್ಲೇಆಫ್ ಪಂದ್ಯದ ದಿನವೇ ಅಲ್ಲಿ ಯು2 ವಾದ್ಯವೃಂದದ ಕಾರ್ಯಕ್ರಮ ನಿಗದಿಯಾಗಿತ್ತು. ಬೇರೆ ದಾರಿ ಕಾಣದೆ ಮೆಕ್‌ಗಿಲ್ ವಿಶ್ವವಿದ್ಯಾಲಯದ ಹಳೆಯ ಮೊಲ್ಸನ್ ಸ್ಟೇಡಿಯಮ್ಮಿಗೆ ಹೋದರು. ಗುಡ್ಡದ ಮಗ್ಗುಲ ಆ ಪುಟ್ಟ ಅಂಗಳ ಕಿಕ್ಕಿರಿಯಿತು. ಮರುವರ್ಷದಿಂದ ಅದೇ ತವರು. ವಿದ್ಯಾರ್ಥಿಗಳು ನಡೆದೇ ಬರಬಹುದಾದ ಜಾಗ ಅದು. ಎಡ್ಮಂಟನ್‌ನಲ್ಲಿ ಇದರ ತಿರುಗುಮುರುಗು. 56 ಸಾವಿರ ಸೀಟಿನ ಕಾಮನ್‌ವೆಲ್ತ್ ಸ್ಟೇಡಿಯಮ್ಮಿನಲ್ಲಿ 20 ಸಾವಿರ ಜನ ಬಂದರೂ ಮದುವೆ ಮುಗಿದ ಮಂಟಪದ ಹಾಗೆ ಕಾಣುತ್ತದೆ. ಅದರ ಮೇಲೆ 2019ರಿಂದ 2023ರವರೆಗೆ ತವರಿನಲ್ಲೇ ಸಾಲಾಗಿ 22 ಸೋಲು. ಯಾವ ಕಂಬ ಸರಿಸಿದರೆ ಇದಕ್ಕೆ ಪರಿಹಾರ?

ಗೆದ್ದರೆ ಜನ ಬರುತ್ತಾರೆ ಎನ್ನುವುದೂ ಪೂರ್ತಿ ನಿಜವಲ್ಲ. ಟೊರಾಂಟೊ ಆರ್ಗೊನಾಟ್ಸ್ 2017, 2022, 2024ರಲ್ಲಿ ಕಪ್ ಎತ್ತಿತು. ತವರಿನ ಗ್ಯಾಲರಿ ತುಂಬಲಿಲ್ಲ. 2021ರ ಜನಗಣತಿಯ ಪ್ರಕಾರ ಟೊರಾಂಟೊ ಮಹಾನಗರ ಪ್ರದೇಶದ 46.6% ಜನ ವಲಸೆ ಬಂದವರು. ಬ್ರಾಂಪ್ಟನ್, ಮಿಸಿಸಾಗಾದ ಕನ್ನಡದ ಮನೆಗಳೂ ಇದರಲ್ಲಿ ಸೇರಿವೆ. ಅಪ್ಪನ ಕೈಹಿಡಿದು ಪಂದ್ಯಕ್ಕೆ ಹೋಗುವುದೇ ಈ ಆಟದ ಪಾಠಶಾಲೆ. ಅಪ್ಪನೇ ಕ್ರಿಕೆಟ್ ನೋಡಿ ಬೆಳೆದವನಾದರೆ ಮೂರು ಡೌನ್ ಯಾರು ಹೇಳಿಕೊಡಬೇಕು? ಐಸ್ ಹಾಕಿ ಈ ಕೆಲಸ ಮಾಡಿತು, 2008ರಲ್ಲೇ ಪಂಜಾಬಿಯಲ್ಲಿ ಪ್ರಸಾರ ಶುರುಮಾಡಿ. ಭಾಷೆಯ ವಿಷಯದಲ್ಲಿ ಈ ಲೀಗ್ ಕೆನಡಾದ ಫ್ರೆಂಚ್ ಭಾಷಿಕರಿಂದಲೇ ಬೈಸಿಕೊಂಡಿದೆ: 2023ರಲ್ಲಿ ಹ್ಯಾಮಿಲ್ಟನ್‌ನಲ್ಲಿ ಕಪ್ ಗೆದ್ದ ಕ್ಷಣದಲ್ಲೇ ಮಾಂಟ್ರಿಯಲ್‌ನ ಆಟಗಾರ ಮಾರ್ಕ್-ಆಂಟ್ವಾನ್ ಡೆಕ್ವಾ ಕ್ಯಾಮೆರಾ ಮುಂದೆ, ಎಲ್ಲೆಲ್ಲೂ ಇಂಗ್ಲಿಷೇ ಎಂದು ಹರಿಹಾಯ್ದರು. ಕನ್ನಡ ಓದುಗರಿಗೆ ಆ ಸಿಟ್ಟಿನ ಪರಿಚಯ ಬೇಕಿಲ್ಲ.

ವ್ಯಾಂಕೂವರಿನಲ್ಲಿ ಪಂಜಾಬಿ ಮೂಲದ ಅಮರ್ ಡೋಮನ್ 2021ರಲ್ಲಿ ಬಿಸಿ ಲಯನ್ಸ್ ತಂಡವನ್ನು ಕೊಂಡ ಮೇಲೆ ಋತುವಿನ ಮೊದಲ ತವರು ಪಂದ್ಯಕ್ಕೆ ಸಂಗೀತ ಕಾರ್ಯಕ್ರಮ ಜೋಡಿಸಿದರು. 2024ರಲ್ಲಿ 50 ಸಾವಿರ ದಾಟಿ ಜನ ಬಂದರು, ಹುಡುಗರೇ ಹೆಚ್ಚು. ಹಾಡು ಕೇಳಲು ಬಂದವರಲ್ಲಿ ಎರಡನೇ ಪಂದ್ಯಕ್ಕೆ ಮರಳುವವರು ಎಷ್ಟು ಎಂಬುದೇ ಅಸಲಿ ಪರೀಕ್ಷೆ. ಆ ಪ್ರಾಂತ್ಯದ ಹೈಸ್ಕೂಲುಗಳಲ್ಲಿ ಆಡುವುದೇ ಅಮೆರಿಕದ ನಾಲ್ಕು ಡೌನಿನ ಆಟ ಎಂಬ ತೊಡಕು ಬೇರೆ.

ಇಷ್ಟರ ನಡುವೆ ಸಸ್ಕಾಚೆವಾನ್ ಪ್ರಾಂತ್ಯದ ರಿಜೈನಾ ಇದೆ. ಊರಿನ ಜನ ಎರಡೂವರೆ ಲಕ್ಷದ ಆಸುಪಾಸು, 2017ರಲ್ಲಿ ತೆರೆದ ಕ್ರೀಡಾಂಗಣದ ಸೀಟು 33 ಸಾವಿರ. ಸಸ್ಕಾಚೆವಾನ್ ರಫ್‌ರೈಡರ್ಸ್ ಜನರದೇ ತಂಡ. ಷೇರು ಕೊಂಡವರಿಗೆ ಲಾಭಾಂಶವಿಲ್ಲ, ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ಸಸ್ಕಟೂನ್‌ನಿಂದ ಸುಮಾರು 260 ಕಿ.ಮೀ., ಅಂದರೆ ಬೆಂಗಳೂರು-ದಾವಣಗೆರೆಯಷ್ಟು ದೂರ ಕಾರು ಓಡಿಸಿಕೊಂಡು, ಕಲ್ಲಂಗಡಿ ಹಣ್ಣನ್ನು ಅರ್ಧ ಸೀಳಿ ತಿರುಳು ಕೆರೆದು ತಲೆಗೆ ಹೆಲ್ಮೆಟ್ಟಿನಂತೆ ಕವುಚಿಕೊಂಡು ಬರುತ್ತಾರೆ. 2025ರ ಕಪ್ ಕೂಡ ಅವರದೇ, ಮಾಂಟ್ರಿಯಲ್ ಎದುರು 25-17. ಅಲ್ಲೂ ವಯಸ್ಸಾದವರಿದ್ದಾರೆ, ಆದರೆ ಪಕ್ಕದ ಸೀಟಿನಲ್ಲಿ ಮೊಮ್ಮಗಳಿರುತ್ತಾಳೆ. ಅಂಗಳ ಅಲ್ಲೂ 110 ಗಜದ್ದೇ.

ಕೆನಡಾದಲ್ಲಿರುವ ಕನ್ನಡಿಗರು ಮೊದಲ ಸಲ ಹೋಗುವುದಾದರೆ ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ ಪಂದ್ಯಕ್ಕೆ ಹ್ಯಾಮಿಲ್ಟನ್‌ಗೆ ಹೋಗಲಿ. ಟೊರಾಂಟೊ ಜೊತೆಗಿನ ಹಗೆ ಹಳೆಯದು, ಬಿಸಿಲೂ ಇರುತ್ತದೆ. ಅಂಗಳ ಅಗಲವಾದ್ದರಿಂದ ಮುಂದಿನ ಸಾಲಿಗಿಂತ ನಡುಗೆರೆಯ ನೇರಕ್ಕೆ ಮೇಲಿನ ಸಾಲಿನಲ್ಲಿ ಕೂತರೆ ಆಟ ಬಿಡಿಸಿಕೊಳ್ಳುತ್ತದೆ. ನವೆಂಬರಿನ ಪಂದ್ಯವಾದರೆ ಕಾಲಡಿಗೆ ರಟ್ಟಿನ ತುಂಡು ಇರಲಿ. ಚಳಿ ಏರುವುದು ಕಾಂಕ್ರೀಟಿನಿಂದ. ಊರಿನಲ್ಲಿ ಕುಳಿತು ನೋಡುವವರಿಗೆ ಸಿಎಫ್‌ಎಲ್ ಪ್ಲಸ್ ಜಾಲತಾಣದಲ್ಲಿ ಪುಕ್ಕಟೆ ನೇರಪ್ರಸಾರವಿದೆ. ಟೊರಾಂಟೊದ ಶುಕ್ರವಾರ ರಾತ್ರಿ ಏಳೂವರೆ ಎಂದರೆ ನಮಗೆ ಶನಿವಾರ ಬೆಳಗಿನ ಐದು ಗಂಟೆ. ನವೆಂಬರಿನಲ್ಲಿ ಅಲ್ಲಿ ಗಡಿಯಾರ ಹಿಂದಕ್ಕೆ ಹೋದ ಮೇಲೆ ಆರು.

ಇತಿ,
ಓದುಗ, ಹ್ಯಾಮಿಲ್ಟನ್, ಒಂಟಾರಿಯೊ