ಮೀಟರಿಗೆ ಸಿಗದ ಸುತ್ತುಗಳು

ಮಾನ್ಯ ಸಂಪಾದಕರೆ,

ಯುಗಾದಿಯ ಹೊತ್ತಿಗೆ 2010ರ ಮಾದರಿಯ ಸ್ಯಾಂಟ್ರೊ ಕಾರೊಂದನ್ನು ಕೊಂಡೆ. ಓಡಿದ್ದು 48 ಸಾವಿರ ಕಿ.ಮೀ. ಟೈಮಿಂಗ್ ಬೆಲ್ಟ್ (ಎಂಜಿನ್ನಿನೊಳಗಿನ ಚಕ್ರಗಳನ್ನು ಒಂದೇ ತಾಳಕ್ಕೆ ತಿರುಗಿಸುವ ಹಲ್ಲಿನ ರಬ್ಬರ್ ಪಟ್ಟಿ) ಬದಲಾಯಿಸಿದ್ದು ಯಾವಾಗ ಎಂದು ಕೇಳಿದ್ದಕ್ಕೆ ಮಾರಿದ ಹುಡುಗ ನಕ್ಕುಬಿಟ್ಟ. 'ಅಂಕಲ್, ಇನ್ನೂ ಐವತ್ತು ಸಾವಿರವೂ ಆಗಿಲ್ಲ, ಈಗಲೇ ಯಾಕೆ?' ಎಂದ. ಆ ನಗುವೇ ಈ ಪತ್ರಕ್ಕೆ ಕಾರಣ.

ಜಾಲಹಳ್ಳಿಯ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ದುಡಿದವನು ನಾನು. ಹಲ್ಲಿಗೆ ಹಲ್ಲು ಕೂತಿದೆಯೇ ಎಂದು ನೋಡದೆ ಸಮಾಧಾನವಿಲ್ಲ. ಮತ್ತಿಕೆರೆಯ ಮನೆಯ ಮುಂದೆ, ಹೊಂಗೆ ಮರದ ನೆರಳಿನಲ್ಲಿ, ಎರಡು ಭಾನುವಾರ ಬೆಲ್ಟನ್ನು ನಾನೇ ಬದಲಾಯಿಸಲು ಕೂತೆ. ಮೊದಲನೆಯ ಭಾನುವಾರ ಕ್ರ್ಯಾಂಕಿನ (ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡ) ಪುಲ್ಲಿಯ ಬೋಲ್ಟ್ ಒಂದನ್ನು ಬಿಚ್ಚುವುದಕ್ಕೇ ಹೋಯಿತು. ಎಂಜಿನ್ ತಿರುಗದಂತೆ ಕಾರನ್ನು ಐದನೇ ಗೇರಿಗೆ ಹಾಕಿ, ಭಾವಮೈದುನನನ್ನು ಬ್ರೇಕ್ ತುಳಿಯಲು ಕೂರಿಸಿ, ಪಾನಾಕ್ಕೆ ಮೂರಡಿಯ ಪೈಪ್ ತೂರಿಸಿ ಜಗ್ಗಿದ ಮೇಲೆ ಅದು 'ಟಕ್' ಎಂದಿತು.

ಬೆಲ್ಟಿನ ಕವರ್ ತೆಗೆದು ನೋಡಿದರೆ, ಬೆಲ್ಟಿನ ಬೆನ್ನಿನ ಅಕ್ಷರಗಳು ಅಳಿಸಿಹೋಗಿದ್ದವು. ಮಡಿಸಿದಾಗ ಹಲ್ಲುಗಳ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು, ಅಂಚಿನಲ್ಲಿ ಎದ್ದ ನೂಲು. 48 ಸಾವಿರಕ್ಕೆ ಹೀಗೇಕೆ? ರಬ್ಬರಿಗೆ ಕಿಲೋಮೀಟರಿಗಿಂತ ಕಾವು ಮತ್ತು ವಯಸ್ಸು ಹೆಚ್ಚು ಶತ್ರು. ಅದಕ್ಕೇ ಕಾರು ತಯಾರಕರು ಕಿ.ಮೀ. ಜೊತೆಗೆ ವರ್ಷದ ಮಿತಿಯನ್ನೂ ಹೇಳುತ್ತಾರೆ, ಯಾವುದು ಮೊದಲು ಬಂದರೆ ಅದು. ನಮ್ಮ ಊರಿನ ಲೆಕ್ಕ ಇನ್ನೂ ಬೇರೆ. ಹೆಬ್ಬಾಳದಲ್ಲೋ ಗೊರಗುಂಟೆಪಾಳ್ಯದಲ್ಲೋ ಟ್ರಾಫಿಕ್ಕಿನಲ್ಲಿ ಕಾರು ನಿಂತೇ ಇದ್ದರೂ ಎಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತದೆ. ಗಂಟೆಗೆ 48 ಸಾವಿರ ಸುತ್ತು! ಅಷ್ಟೂ ಹೊತ್ತು ಬೆಲ್ಟ್ ದುಡಿಯುತ್ತದೆ, ಮೀಟರು ಮಾತ್ರ ಒಂದು ಅಂಕಿಯೂ ಏರುವುದಿಲ್ಲ.

ಈ ಬೆಲ್ಟ್ ತುಂಡಾಗುವ ಮುನ್ನ ಸದ್ದು ಮಾಡಿ ಎಚ್ಚರಿಸುತ್ತದೆ ಎಂದು ನಂಬಿ ಕೂರುವಂತಿಲ್ಲ. ತುಂಡಾದರೆ ಎಂಜಿನ್ನಿನ ವಾಲ್ವುಗಳನ್ನು ತೆರೆದು ಮುಚ್ಚಿಸುವ ಕ್ಯಾಮ್ ದಂಡ ನಿಲ್ಲುತ್ತದೆ, ಕ್ರ್ಯಾಂಕ್ ಓಡುತ್ತಿರುತ್ತದೆ. ಎಷ್ಟೋ ಎಂಜಿನ್‌ಗಳಲ್ಲಿ ಪಿಸ್ಟನ್ನು ತೆರೆದ ವಾಲ್ವಿಗೆ ಗುದ್ದಿ ಅದನ್ನು ಬಗ್ಗಿಸಿಬಿಡುತ್ತದೆ. ಆಮೇಲೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ಡನ್ನೇ ಇಳಿಸಬೇಕು.

ಜೆ.ಸಿ. ರಸ್ತೆಯಿಂದ ಬೆಲ್ಟಿನ ಜೊತೆ ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರನ್ನೂ ತಂದಿದ್ದೆ. ಹೊಸ ಬೆಲ್ಟನ್ನು ಹಳೆಯ ಬೇರಿಂಗಿನ ಮೇಲೆ ಓಡಿಸುವುದು ಜಿಪುಣತನವೂ ಅಲ್ಲ, ಬರೀ ದಡ್ಡತನ. ಕ್ರ್ಯಾಂಕ್ ಮತ್ತು ಕ್ಯಾಮ್ ಚಕ್ರಗಳ ಗುರುತುಗಳ ಮೇಲೆ ಸೊಸೆಯ ಬಿಳಿ ನೇಲ್ ಪಾಲಿಶ್ ಹಚ್ಚಿಕೊಂಡೆ (ಬಾಟಲಿ ಇನ್ನೂ ಹಿಂದಿರುಗಿಸಿಲ್ಲ). ಬೆಲ್ಟ್ ಕೂರಿಸಿದ ಮೇಲೆ ಕೀಲಿ ಮುಟ್ಟದೆ, ಕ್ರ್ಯಾಂಕನ್ನು ಪಾನಾದಿಂದ ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿದೆ. ಕ್ರ್ಯಾಂಕ್ ಎರಡು ಸುತ್ತು ಹೊಡೆದರೆ ಕ್ಯಾಮ್ ಒಂದು. ಗುರುತುಗಳು ಮತ್ತೆ ನೇರಕ್ಕೆ ಬರಲೇಬೇಕು. ಬರಲಿಲ್ಲ. ಕ್ಯಾಮ್ ಒಂದು ಹಲ್ಲು ಹಿಂದಿತ್ತು. ಬಿಚ್ಚಿ ಮತ್ತೆ ಕೂರಿಸಿದೆ. ಈ ಎರಡು ಸುತ್ತಿನ ತಾಳ್ಮೆಯೂ, ಬೋಲ್ಟನ್ನು ಅಳತೆಗೆ ತಕ್ಕಷ್ಟೇ ಬಿಗಿಯುವ ಟಾರ್ಕ್ ರೆಂಚೂ ಇಲ್ಲದವರು ಮನೆಯಲ್ಲಿ ಈ ಕೆಲಸಕ್ಕೆ ಕೈ ಹಾಕಬಾರದು ಎಂದು ಖಂಡಿತವಾಗಿ ಹೇಳುತ್ತೇನೆ.

ನನ್ನ ಕೋರಿಕೆ ಚಿಕ್ಕದು. ಹಿಂದೆ ನಮ್ಮ ಬಡಾವಣೆಯ ಮೆಕ್ಯಾನಿಕ್ ಒಬ್ಬರು ಬೆಲ್ಟ್ ಬದಲಾಯಿಸಿದ ದಿನವನ್ನೂ ಮೀಟರಿನ ಅಂಕಿಯನ್ನೂ ಕವರಿನ ಮೇಲೆ ಬಣ್ಣದಲ್ಲಿ ಬರೆದಿಡುತ್ತಿದ್ದರು. ನಗರದ ಎಲ್ಲ ಗ್ಯಾರೇಜುಗಳೂ ಹಾಗೆ ಮಾಡಲಿ. ಹಳೆಯ ಕಾರು ಮಾರುವವರು ಬೆಲ್ಟಿನ ದಿನಾಂಕವನ್ನು ರಸೀದಿಯಲ್ಲಿ ಬರೆದುಕೊಡುವುದನ್ನು ಸಾರಿಗೆ ಇಲಾಖೆ ಕಡ್ಡಾಯ ಮಾಡಲಿ. ಗೊತ್ತಿಲ್ಲದಿದ್ದರೆ 'ಗೊತ್ತಿಲ್ಲ' ಎಂದೇ ಬರೆಯಲಿ. ಕೊಂಡವರು ಮೊದಲ ವಾರವೇ ಬದಲಾಯಿಸಿಕೊಳ್ಳುತ್ತಾರೆ. ಬೆಲ್ಟಿನ ಬದಲು ಚೈನ್ ಇರುವ ಎಂಜಿನ್‌ಗಳಿಗೆ ಈ ಮಾತು ಅನ್ವಯಿಸದು, ಆದರೆ ತಮ್ಮ ಕಾರಿನಲ್ಲಿ ಇರುವುದು ಚೈನೋ ಬೆಲ್ಟೋ ಎಂಬುದೇ ನಮ್ಮ ಬೀದಿಯ ಮೂವರಿಗೆ ತಿಳಿದಿರಲಿಲ್ಲ.

ಹಳೆಯ ಬೆಲ್ಟನ್ನು ಎಸೆದಿಲ್ಲ. ಕಾರು ಮಾರಿದ ಹುಡುಗನಿಗೆ ತೋರಿಸಲು ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದೇನೆ.

— ನಿವೃತ್ತ ಫಿಟ್ಟರ್, ಮತ್ತಿಕೆರೆ, ಬೆಂಗಳೂರು